ನ್ಯಾಟೊ ಹೊರಗೆ ಅಮೆರಿಕಕ್ಕೆ ಯಾರು ತೀರಾ ಹತ್ತಿರ?

ಪ್ರಶ್ನೆ: ಮೇಡಂ, ಟಿವಿ ಚರ್ಚೆಯಲ್ಲಿ ಅಮೆರಿಕದ ಪರಮಾಪ್ತ ದೇಶ ಇಸ್ರೇಲ್ ಅಂತಾರೆ. ಕೆಲವರು ಜಪಾನ್ ಅಂತಾರೆ. ಪಾಕಿಸ್ತಾನಕ್ಕೂ ‘ನ್ಯಾಟೊಯೇತರ ಪ್ರಮುಖ ಮಿತ್ರ’ ಅನ್ನೋ ಪಟ್ಟ ಇದೆಯಂತೆ. ನ್ಯಾಟೊ ಬಿಟ್ಟು ನೋಡಿದರೆ ಅಮೆರಿಕಕ್ಕೆ ನಿಜವಾಗಿ ಹತ್ತಿರ ಯಾರು?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಂಬಿಕೆಯ ಲೆಕ್ಕದಲ್ಲಿ ಆಸ್ಟ್ರೇಲಿಯಾ, ಅಗತ್ಯದ ಲೆಕ್ಕದಲ್ಲಿ ಜಪಾನ್. ಇಸ್ರೇಲ್‌ದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಪಟ್ಟದ ವಿಷಯ ಮುಗಿಸೋಣ. ಅದು 1987ರ ಅಮೆರಿಕದ ಕಾನೂನಿನಿಂದ ಶುರುವಾಗಿದ್ದು. ಸಿಕ್ಕಿದವರಿಗೆ ಹೆಚ್ಚುವರಿ ಆಯುಧ ಕೊಳ್ಳಲು, ಜೊತೆಯಾಗಿ ಸಂಶೋಧನೆ ಮಾಡಲು ಕೆಲವು ಅನುಕೂಲ ಇರುತ್ತದೆ. ನಿಮ್ಮ ಮೇಲೆ ದಾಳಿಯಾದರೆ ನಾವು ಬರುತ್ತೇವೆ ಅನ್ನುವ ಮಾತು ಅದರಲ್ಲಿಲ್ಲ. ಪಾಕಿಸ್ತಾನಕ್ಕೆ 2004ರಲ್ಲಿ ಸಿಕ್ಕಿತು. 2011ರಲ್ಲಿ ಅಮೆರಿಕದ ಕಮಾಂಡೊಗಳು ಅದೇ ಪಾಕಿಸ್ತಾನಕ್ಕೆ ಒಂದು ಮಾತೂ ಹೇಳದೆ ಅಬೊಟಾಬಾದ್‌ಗೆ ನುಗ್ಗಿ ಬಿನ್ ಲಾಡೆನ್‌ನನ್ನು ಕೊಂದರು. 2018ರಲ್ಲಿ ಭದ್ರತಾ ನೆರವೂ ನಿಂತಿತು, ಪಟ್ಟ ಮಾತ್ರ ಹಾಗೇ ಉಳಿಯಿತು. ಅಫ್ಗಾನಿಸ್ತಾನಕ್ಕೆ 2012ರಲ್ಲಿ ಕೊಟ್ಟು, ತಾಲಿಬಾನ್ ಬಂದ ಮೇಲೆ 2022ರಲ್ಲಿ ವಾಪಸ್ ತೆಗೆದುಕೊಂಡರು. ಹಾಗಾಗಿ ಅದನ್ನು ನೋಡಿ ಹತ್ತಿರ–ದೂರ ಅಳೆಯಬೇಡಿ.

ಅಳೆಯಬೇಕಾದ್ದು ಬೇರೆ. ರಕ್ಷಣಾ ಒಪ್ಪಂದ ಇದೆಯಾ? ಅಮೆರಿಕದ ಸೈನಿಕರು ಅಲ್ಲಿ ನೆಲೆಸಿದ್ದಾರಾ? ಗುಟ್ಟು ಹಂಚಿಕೊಳ್ಳುತ್ತಾರಾ? ಯುದ್ಧಕ್ಕೆ ಜೊತೆಗೆ ಹೋಗಿದ್ದಾರಾ?

ಜಪಾನ್‌ನಿಂದ ಶುರು ಮಾಡೋಣ. ಮೊದಲ ಒಪ್ಪಂದ 1951ರದ್ದು, ಈಗಿರುವುದು 1960ರದ್ದು. ಸುಮಾರು 55,000 ಅಮೆರಿಕನ್ ಸೈನಿಕರು ಅಲ್ಲಿದ್ದಾರೆ. ಬೇರೆ ಯಾವ ವಿದೇಶದಲ್ಲೂ ಅಷ್ಟು ಜನ ಇಲ್ಲ. ಅಮೆರಿಕದ ಏಳನೇ ನೌಕಾಪಡೆಯ ಮನೆ ಅಲ್ಲಿನ ಯೊಕೊಸುಕಾ ಬಂದರು. ಚೀನಾ ಪಕ್ಕದಲ್ಲಿ ಅಮೆರಿಕ ನಿಲ್ಲಬೇಕು ಅಂದರೆ ಜಪಾನ್ ಇಲ್ಲದೆ ಆಗುವುದೇ ಇಲ್ಲ. ಆದರೆ ಇದರ ಭಾರ ಹೊರುತ್ತಿರುವವರು ಯಾರು ಅನ್ನೋದನ್ನು ನಮ್ಮ ಟಿವಿ ಚರ್ಚೆಗಳು ಹೇಳುವುದೇ ಇಲ್ಲ. ಓಕಿನಾವಾ ಜಪಾನ್‌ನ ಒಟ್ಟು ನೆಲದಲ್ಲಿ ಶೇ 1ರಷ್ಟೂ ಇಲ್ಲ, ಆದರೆ ಜಪಾನ್‌ನಲ್ಲಿ ಅಮೆರಿಕ ತನಗೇ ಇಟ್ಟುಕೊಂಡಿರುವ ನೆಲೆಗಳ ಜಾಗದಲ್ಲಿ ಸುಮಾರು ಶೇ 70ರಷ್ಟು ಅಲ್ಲೇ ಇದೆ. ವಿಮಾನಗಳ ಸದ್ದು, ಸೈನಿಕರ ಅಪರಾಧಗಳು, ಸಮುದ್ರಕ್ಕೆ ಮಣ್ಣು ತುಂಬಿ ಹೊಸ ನೆಲೆ ಕಟ್ಟುವುದು, ಎಲ್ಲದರ ವಿರುದ್ಧ ಅಲ್ಲಿನ ಜನ ದಶಕಗಳಿಂದ ಕೂಗುತ್ತಿದ್ದಾರೆ. 2019ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 70ಕ್ಕೂ ಜಾಸ್ತಿ ಜನ ಹೊಸ ನೆಲೆ ಬೇಡ ಅಂದರು. ಕೆಲಸ ನಿಲ್ಲಲಿಲ್ಲ. ಎರಡು ಸರ್ಕಾರಗಳ ಸ್ನೇಹಕ್ಕೆ ಒಂದು ದ್ವೀಪದ ಜನ ಇಷ್ಟು ಬೆಲೆ ಕೊಡುವುದು ಅನ್ಯಾಯ.

ದಕ್ಷಿಣ ಕೊರಿಯಾದ್ದು 1953ರ ಒಪ್ಪಂದ, ಸುಮಾರು 28,500 ಸೈನಿಕರು. ಯುದ್ಧ ಬಂದರೆ ಕೊರಿಯಾದ ಪಡೆಗಳನ್ನೂ ಸೇರಿಸಿ ನಡೆಸುವವನು ಅಮೆರಿಕದ ಜನರಲ್. ಸ್ವತಂತ್ರ ದೇಶವೊಂದು ತನ್ನ ಸೈನ್ಯವನ್ನು ಇಷ್ಟರ ಮಟ್ಟಿಗೆ ಒಪ್ಪಿಸುವುದು ತುಂಬಾ ಅಪರೂಪ. ಅಷ್ಟಾದರೂ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಬ್ಯಾಟರಿ ಕಾರ್ಖಾನೆಯಲ್ಲಿ 300ಕ್ಕೂ ಹೆಚ್ಚು ಕೊರಿಯನ್ನರನ್ನು ಅಮೆರಿಕದ ವಲಸೆ ಅಧಿಕಾರಿಗಳು ಹಿಡಿದು ಬಂಧಿಸಿದರು. ಸೋಲ್‌ನಲ್ಲಿ ಜನ ಕೆಂಡವಾಗಿದ್ದರಲ್ಲಿ ಆಶ್ಚರ್ಯವೇನಿದೆ?

ಈಗ ಆಸ್ಟ್ರೇಲಿಯಾ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ನಡೆದ 1918ರ ಹಾಮೆಲ್ ಕದನದಿಂದ ಹಿಡಿದು ಎರಡನೇ ಮಹಾಯುದ್ಧ, ಕೊರಿಯಾ, ವಿಯೆಟ್ನಾಂ, ಅಫ್ಗಾನಿಸ್ತಾನ, ಇರಾಕ್ ತನಕ ಅಮೆರಿಕ ಹೋದ ಕಡೆಗೆಲ್ಲ ಹೋಗಿದೆ. ವಿಯೆಟ್ನಾಂ ಯುದ್ಧಕ್ಕೆ ಬ್ರಿಟನ್ ಪಡೆ ಕಳಿಸಲಿಲ್ಲ, 2003ರ ಇರಾಕ್ ಯುದ್ಧಕ್ಕೆ ಕೆನಡಾ ಸೇರಲಿಲ್ಲ. ಇವೆರಡೂ ನ್ಯಾಟೊ ದೇಶಗಳು, ಅಲ್ವಾ? ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ ಮೂವರ 1951ರ ರಕ್ಷಣಾ ಒಪ್ಪಂದ ‘ಆನ್ಜಸ್’ ಅನ್ನು ಬಳಸಿದ್ದು ಒಂದೇ ಸಲ, ಅದೂ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಬೆನ್ನಿಗೆ ನಿಲ್ಲಲು. ಆಗ ಪ್ರಧಾನಿಯಾಗಿದ್ದ ಜಾನ್ ಹೊವಾರ್ಡ್ ದಾಳಿಯ ದಿನ ವಾಷಿಂಗ್ಟನ್‌ನಲ್ಲೇ ಇದ್ದರು. ಐದು ದೇಶಗಳ ಗುಪ್ತಚರ ಕೂಟ ‘ಫೈವ್ ಐಸ್’ನಲ್ಲಿ ಆಸ್ಟ್ರೇಲಿಯಾ ಇದೆ. ಜಪಾನ್, ಕೊರಿಯಾ, ಇಸ್ರೇಲ್ ಯಾವುದೂ ಇಲ್ಲ. ಆಲಿಸ್ ಸ್ಪ್ರಿಂಗ್ಸ್ ಪಕ್ಕದ ಪೈನ್ ಗ್ಯಾಪ್ ಬೇಹುಗಾರಿಕೆ ಕೇಂದ್ರವನ್ನು ಇಬ್ಬರೂ ಸೇರಿ ನಡೆಸುತ್ತಾರೆ. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ನಡುವಿನ 2021ರ ಆಕಸ್ ಒಪ್ಪಂದದಲ್ಲಿ, ಅದುವರೆಗೆ ಬ್ರಿಟನ್‌ಗೆ ಬಿಟ್ಟು ಯಾರಿಗೂ ಕೊಟ್ಟಿರದ ಅಣುಶಕ್ತಿ ಜಲಾಂತರ್ಗಾಮಿಯ ತಂತ್ರಜ್ಞಾನ ಕೊಡಲು ಅಮೆರಿಕ ಒಪ್ಪಿತು. ನಾನು ಆಸ್ಟ್ರೇಲಿಯಾ ಅಂದಿದ್ದು ಅದಕ್ಕೇ.

ಪಕ್ಕದ ನ್ಯೂಜಿಲೆಂಡ್ ಕೂಡ ಆನ್ಜಸ್‌ನಲ್ಲೇ ಇತ್ತು. ಅಣ್ವಸ್ತ್ರ ಇಲ್ಲ ಅಂತ ಖಾತ್ರಿಯಿಲ್ಲದ ಅಮೆರಿಕದ ಹಡಗಿಗೆ 1985ರಲ್ಲಿ ಅದು ಬಂದರು ಪ್ರವೇಶ ನಿರಾಕರಿಸಿತು. ಮರುವರ್ಷವೇ ಅಮೆರಿಕ, ನಿಮ್ಮ ರಕ್ಷಣೆಯ ಹೊಣೆ ಇನ್ನು ನಮ್ಮದಲ್ಲ ಅಂದುಬಿಟ್ಟಿತು.

ಇಸ್ರೇಲ್‌ಗೆ ಬರೋಣ. ಎರಡನೇ ಮಹಾಯುದ್ಧದ ನಂತರ ಅಮೆರಿಕದಿಂದ ಒಟ್ಟಾರೆ ಅತಿ ಹೆಚ್ಚು ನೆರವು ಪಡೆದ ದೇಶ ಅದು. 2016ರ ಒಡಂಬಡಿಕೆ ಒಂದರಲ್ಲೇ ಹತ್ತು ವರ್ಷಕ್ಕೆ 3,800 ಕೋಟಿ ಡಾಲರ್. 2024ರ ಏಪ್ರಿಲ್‌ನಲ್ಲಿ ಇರಾನ್ ಬಿಟ್ಟ ಕ್ಷಿಪಣಿಗಳನ್ನು ಅಮೆರಿಕ ತಾನೇ ನಿಂತು ಹೊಡೆದುರುಳಿಸಿತು, 2025ರ ಜೂನ್‌ನಲ್ಲಿ ಇರಾನ್‌ನ ಫೋರ್ಡೊ ಅಣು ಕೇಂದ್ರದ ಮೇಲೆ ಬಾಂಬ್ ಹಾಕಿತು. ಆದರೂ ಇಬ್ಬರ ನಡುವೆ ಪರಸ್ಪರ ರಕ್ಷಣಾ ಒಪ್ಪಂದ ಇಲ್ಲ! ಸಂಬಂಧ ನಿಂತಿರುವುದು ಅಮೆರಿಕದ ಒಳ ರಾಜಕೀಯದ ಮೇಲೆ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕ್‌ನ ಸ್ಕಡ್ ಕ್ಷಿಪಣಿಗಳು ಬೀಳುತ್ತಿದ್ದಾಗಲೂ, ಅರಬ್ ದೇಶಗಳು ಇರಾಕ್ ವಿರುದ್ಧದ ಕೂಟ ಬಿಟ್ಟು ಹೋಗಬಾರದು ಅಂತ ಅಮೆರಿಕ ಇಸ್ರೇಲ್‌ಗೆ ಸುಮ್ನಿರಿ ಎಂದಿತ್ತು. ಗುಟ್ಟಿನ ವಿಷಯದಲ್ಲೂ ಅಷ್ಟೇ. ಇಸ್ರೇಲ್‌ಗಾಗಿ ಬೇಹುಗಾರಿಕೆ ಮಾಡಿ 1985ರಲ್ಲಿ ಸಿಕ್ಕಿಬಿದ್ದ ಅಮೆರಿಕದ ನೌಕಾಪಡೆಯ ಗುಪ್ತಚರ ವಿಶ್ಲೇಷಕ ಜೊನಾಥನ್ ಪೊಲಾರ್ಡ್ ಅಮೆರಿಕದ ಜೈಲಿನಲ್ಲಿ 30 ವರ್ಷ ಕಳೆದ.

ಪ್ರಶ್ನೆ: ತೈವಾನ್ ಜೊತೆ ಒಪ್ಪಂದ ಇದೆಯಾ?
– ಓದುಗರು, ಕಲಬುರಗಿ

ಉತ್ತರ: ಇತ್ತು, 1954ರದ್ದು. ಚೀನಾ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿದ ಅಮೆರಿಕ ಅದನ್ನು ಕೈಬಿಟ್ಟಿತು. ಈಗಿರುವುದು 1979ರ ಅಮೆರಿಕದ ಕಾನೂನು. ಆಯುಧ ಕೊಡುತ್ತೇವೆ ಅನ್ನುತ್ತದೆ, ಯುದ್ಧಕ್ಕೆ ಬರುತ್ತೇವೆ ಅಂತ ಹೇಳುವುದಿಲ್ಲ.

ಪ್ರಶ್ನೆ: ಹಾಗಾದರೆ ಭಾರತ ಈ ಸಾಲಿನಲ್ಲಿ ಎಲ್ಲಿದೆ?
– ಓದುಗರು, ಬೆಂಗಳೂರು

ಉತ್ತರ: ಸಾಲಿನಲ್ಲೇ ಇಲ್ಲ, ಇರುವ ಮನಸ್ಸೂ ನಮಗಿಲ್ಲ. 2016ರಲ್ಲಿ ಭಾರತಕ್ಕೆ ‘ಪ್ರಮುಖ ರಕ್ಷಣಾ ಪಾಲುದಾರ’ ಅಂತ ಬೇರೆಯೇ ಸ್ಥಾನ ಕೊಟ್ಟರು. 2016ರಿಂದ 2020ರ ನಡುವೆ ಮೂರು ಒಪ್ಪಂದಗಳಾದವು: ನೆಲೆಗಳಲ್ಲಿ ಇಂಧನ ತುಂಬಿಸಿಕೊಳ್ಳುವುದು, ಗುಪ್ತ ಸಂವಹನ ಉಪಕರಣ, ಉಪಗ್ರಹ ಮಾಹಿತಿ. ನಿಮ್ಮೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್‌ನ ಎಂಜಿನ್ ಅಮೆರಿಕದ ಜಿಇ ಕಂಪನಿಯದೇ, ಆ ಎಂಜಿನ್ ತಡವಾಗಿದ್ದು ತೇಜಸ್‌ನ ಹೊಸ ಮಾದರಿಯಾದ ಮಾರ್ಕ್ 1ಎ ವಿಮಾನಗಳು ತಡವಾಗಲು ಒಂದು ಕಾರಣ. ಇನ್ನೊಂದು ಕಡೆ ರಷ್ಯಾದ ಎಸ್–400 ವಾಯುರಕ್ಷಣಾ ವ್ಯವಸ್ಥೆ ಕೊಂಡೆವು, ರಷ್ಯಾದ ತೈಲವನ್ನೂ ಕೊಂಡೆವು. ಆ ತೈಲದ ನೆಪದಲ್ಲಿ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಮಿತ್ರಕೂಟ ಸೇರಿದ್ದರೆ ಇದು ತಪ್ಪುತ್ತಿತ್ತು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಪ್ಪಂದವೂ ಸೈನಿಕರೂ ಇರುವ ಜಪಾನ್, ಕೊರಿಯಾಗಳ ಮೇಲೂ ಅದೇ ವರ್ಷ ಸುಂಕ ಬಿತ್ತು.