ಸಂಘದ ಸಾಲ, ಸೊಸೈಟಿ ಸಾಲ, ಕೈಗಡ: ಮೊದಲು ಯಾವುದನ್ನು ತೀರಿಸಬೇಕು?

ನೀವು ಬರೆದದ್ದು ಇಷ್ಟು: ಸಂಬಳ 22,000, ಎಲ್ಲ ಸೇರಿ ಮೂರೂವರೆ ಲಕ್ಷ ಸಾಲ, ಹೆಂಡತಿಗೆ ಗೊತ್ತಿರುವುದು ಅರ್ಧ ಮಾತ್ರ, ಇಂಥದ್ದರಿಂದ ನಿಜವಾಗಿ ಹೊರಗೆ ಬಂದವರು ಯಾರಾದರೂ ಇದ್ದೀರಾ?

ಇದ್ದೇವೆ. ನಾನು ಬೆಳಗಾವಿಯ ವಡಗಾವಿಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಪಿಕೋ ಮಾಡಿಕೊಡುತ್ತೇನೆ. ನಮ್ಮ ಮನೆಯವರು ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡುತ್ತಾರೆ. 2022ರ ದೀಪಾವಳಿ ಹೊತ್ತಿಗೆ ನಮ್ಮ ತಲೆ ಮೇಲೆ 4,33,000 ರೂಪಾಯಿ ಇತ್ತು. ಕೊನೆಯದು ಮುಗಿದದ್ದು 2026ರ ಸಂಕ್ರಾಂತಿಗೆ. ಮೂರು ವರ್ಷದ ಮೇಲೆ ಹಿಡಿಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆರು ತಿಂಗಳಲ್ಲಿ ಸಾಲಮುಕ್ತ ಅಂತ ವಿಡಿಯೋ ಮಾಡುವವರ ಮನೆಯ ಆದಾಯ ನಮ್ಮಂಥದ್ದಲ್ಲ.

ಸಾಲ ಬಂದ ದಾರಿ ನಿಮಗೂ ಗೊತ್ತಿರುವಂಥದ್ದೇ. 2020ರ ಲಾಕ್‌ಡೌನಿನಲ್ಲಿ ವರ್ಕ್‌ಶಾಪ್ ಬಾಗಿಲು ಹಾಕಿತು, ತೆರೆದ ಮೇಲೂ ಎಷ್ಟೋ ದಿನ ಅರ್ಧ ಪಗಾರ. ಅದರ ಮರುವರ್ಷ ಮಾವನವರ ಆಸ್ಪತ್ರೆ. ಇವೆರಡು ನಮ್ಮ ಕೈಯಲ್ಲಿ ಇರಲಿಲ್ಲ. ಆದರೆ ಮಗನ ಜವಳಕ್ಕೆ ಎರಡು ಟೆಂಪೋ ಮಾಡಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ, ಬೀಗರಿಗೆಲ್ಲ ಹೋಳಿಗೆ ಊಟ ಹಾಕಿ 60,000 ಖರ್ಚು ಮಾಡಿದ್ದು ಯಾರೂ ಬಲವಂತ ಮಾಡಿದ್ದಲ್ಲ. ಬಹಳ ದಿನ ಅದನ್ನೂ ನಾನು ಕಷ್ಟಕಾಲದ ಸಾಲದ ಲೆಕ್ಕದಲ್ಲೇ ಸೇರಿಸಿ ಹೇಳುತ್ತಿದ್ದೆ.

ಇನ್ನು ಮುಚ್ಚಿಟ್ಟ ಸಾಲದ ವಿಷಯ. ಖಡೇಬಜಾರಿಗೆ ಅಸ್ತರ್ ಬಟ್ಟೆ ತರಲು ಹೋದಾಗ ಒಬ್ಬ ಸಾವಕಾರರು ತಾವಾಗಿಯೇ ಕರೆದು ಮಾತಾಡಿಸಿದರು. “ಏನವ್ವಾ, ಈ ತಿಂಗಳದ್ದು ಇನ್ನೂ ಮುಟ್ಟಿಲ್ಲ, ಯಜಮಾನ್ರಿಗೆ ನೆನಪ ಮಾಡು” ಅಂದರು. ಯಾವುದು ಅಂತ ಕೇಳಿದೆ. ನಮ್ಮ ಮನೆಯವರು ಅವರ ಹತ್ತಿರ 1,20,000 ಕೈಗಡ ತಂದು ಎರಡು ವರ್ಷವಾಗಿತ್ತು. ಮನೆಗೆ ಬಂದು ಜಗಳ ಮಾಡಬೇಕು ಅಂತಲೇ ಬಂದೆ. ದಾರಿಯಲ್ಲಿ ನೆನಪಾಯಿತು, ಅವರಿಗೆ ಹೇಳದೆ ನಾನೂ ಎರಡನೇ ಸಂಘದಲ್ಲಿ ಸಾಲ ಎತ್ತಿದ್ದೆ. ಸಂಘದ ಸಾಲ ಅಂದರೆ ಮೈಕ್ರೋಫೈನಾನ್ಸಿನವರು ಓಣಿಯ ಹೆಂಗಸರ ಗುಂಪು ಮಾಡಿ ಕೊಡುವ ಸಾಲ. ಮೊದಲನೇ ಸಂಘದ ವಾರದ ಕಂತು ಕಟ್ಟಲು ಎರಡನೆಯದು, ಇಷ್ಟೇ ಅದರ ಕಥೆ.

ಅವತ್ತು ರಾತ್ರಿ ಹುಡುಗರು ಮಲಗಿದ ಮೇಲೆ ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನು ಹರಿದು ಅದರ ಹಿಂಬದಿಗೆ ಬರೆಯಲು ಕೂತೆವು. ಅವರೊಂದು ಹೇಳಿದರೆ ನಾನೊಂದು. ಸಾವಕಾರರದು 1,20,000. ಒಂದು ಸಂಘದ್ದು ಬಾಕಿ 26,000, ಇನ್ನೊಂದರದು 44,000. ಬೈಕಿನ ಫೈನಾನ್ಸ್ 42,000. ಪತ್ತಿನ ಸೊಸೈಟಿಯದು 1,50,000. ನಾದಿನಿ ಕೊಟ್ಟದ್ದು 40,000. ಕಿರಾಣಿ ಅಂಗಡಿಯ ಉದ್ರಿ 11,000. ಕೂಡಿಸಿದಾಗ ಇಬ್ಬರಿಗೂ ಗೊತ್ತಿದ್ದ ಸಾಲಕ್ಕಿಂತ ಒಂದೂವರೆ ಲಕ್ಷ ಹೆಚ್ಚು ಬಂತು. ಅವರಿಗೆ ನನ್ನದು ಗೊತ್ತಿರಲಿಲ್ಲ, ನನಗೆ ಅವರದು ಗೊತ್ತಿರಲಿಲ್ಲ. ಅವತ್ತು ಯಾರೂ ಯಾರನ್ನೂ ಬೈಯಲಿಲ್ಲ. ಬೈಯುವ ಹಕ್ಕು ಇಬ್ಬರಿಗೂ ಉಳಿದಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಬ್ಬರು ವರ್ಷಕ್ಕೆ ಶೇಕಡಾ 14 ಅನ್ನುತ್ತಾರೆ, ಒಬ್ಬರು ನೂರಕ್ಕೆ ಮೂರು ಅನ್ನುತ್ತಾರೆ, ಫೈನಾನ್ಸಿನವರು 12 ಫ್ಲ್ಯಾಟ್ ಅನ್ನುತ್ತಾರೆ. ಹೀಗೆ ಬೇರೆ ಬೇರೆ ಅಳತೆಯಲ್ಲಿ ಇರುವವರೆಗೆ ಯಾವುದು ತುಟ್ಟಿ ಅಂತ ತಿಳಿಯುವುದೇ ಇಲ್ಲ. ನಾನು ಎಲ್ಲವನ್ನೂ ನಮ್ಮ ಕಡೆಯ ಅಳತೆಗೇ ತಂದೆ: ನೂರು ರೂಪಾಯಿಗೆ ತಿಂಗಳಿಗೆ ಎಷ್ಟು? ಸೊಸೈಟಿ ಒಂದು ರೂಪಾಯಿ ಹದಿನೇಳು ಪೈಸೆ. ಸಂಘದ್ದು ವರ್ಷಕ್ಕೆ 24, ಅಂದರೆ ಎರಡು ರೂಪಾಯಿ. ಸಾವಕಾರರದು ಮೂರು ರೂಪಾಯಿ, ವರ್ಷಕ್ಕೆ 36 ಆಯಿತು. ಬೈಕಿನ 12 ಫ್ಲ್ಯಾಟ್ ಅನ್ನು ನಾನು ತಿಂಗಳಿಗೆ ಒಂದು ರೂಪಾಯಿ ಅಂತ ಬರೆದಿದ್ದೆ. ಬ್ಲೌಸ್ ಹೊಲಿಸಲು ಬರುವ ಗಣಿತದ ಟೀಚರ್ ಒಬ್ಬರು ನೋಡಿ ನಕ್ಕರು. ಫ್ಲ್ಯಾಟ್ ಅಂದರೆ ನೀವು ಅಸಲು ತೀರಿಸುತ್ತ ಬಂದರೂ ಬಡ್ಡಿಯನ್ನು ಕೊನೆಯವರೆಗೆ ಪೂರ್ತಿ ಸಾಲದ ಮೇಲೇ ಹಿಡಿಯುತ್ತಾರೆ. ಎರಡು ವರ್ಷದ ಕಂತಿಗೆ ಅದು ನಿಜವಾಗಿ ವರ್ಷಕ್ಕೆ 21, 22ರ ಹತ್ತಿರ ಬೀಳುತ್ತದೆ, ಅಂದರೆ ಒಂದು ರೂಪಾಯಿ ಎಂಬತ್ತು ಪೈಸೆ.

ಆ ಹಾಳೆ ನೋಡಿದಾಗ ನನಗೆ ಹೊಳೆದದ್ದು ಇದು. ನಾವು ರೊಕ್ಕ ಕೊಡುತ್ತಿದ್ದದ್ದು ಗದ್ದಲ ಮಾಡುವ ಸಾಲಕ್ಕೆ. ಸಂಘದವರು ಪ್ರತಿ ಮಂಗಳವಾರ ಬರುತ್ತಾರೆ, ಒಬ್ಬಳು ಕಟ್ಟದಿದ್ದರೆ ಉಳಿದ ಹೆಂಗಸರನ್ನು ಎಬ್ಬಿಸುವುದಿಲ್ಲ, ಓಣಿಯಲ್ಲಿ ಮಾನ ಹೋಗುತ್ತದೆ. ಸೊಸೈಟಿಯವರು ಜಾಮೀನುದಾರನಿಗೆ ಫೋನ್ ಮಾಡುತ್ತಾರೆ. ಸಾವಕಾರರು ಮಾತ್ರ ಯಾವತ್ತೂ ದನಿ ಏರಿಸಿದವರಲ್ಲ, ಹೋದರೆ ಚಹಾ ತರಿಸುತ್ತಿದ್ದರು. ಅಲ್ಲಿಗೆ ತಿಂಗಳಿಗೆ 3,600ರಂತೆ 26 ತಿಂಗಳು ಕೊಟ್ಟಿದ್ದೆವು, 93,600 ರೂಪಾಯಿ. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿರಲಿಲ್ಲ. ಸುಮ್ಮನೆ ಕೂತ ಸಾಲವೇ ನಮ್ಮನ್ನು ತಿನ್ನುತ್ತಿತ್ತು.

ಮನೆಯಲ್ಲಿ ಬಂಗಾರ ಇರಲಿಲ್ಲವೇ ಅಂದರೆ, ಇತ್ತು. ಅತ್ತಿಯವರ ಬೋರಮಾಳ, ನನ್ನ ಎರಡು ಪಾಟ್ಲಿ, ಎಲ್ಲ ಸೇರಿ 35 ಗ್ರಾಂ, ಟ್ರಂಕಿನಲ್ಲಿ. ಬ್ಯಾಂಕಿನಲ್ಲಿ ಇಟ್ಟರೆ ಆಗ ವರ್ಷಕ್ಕೆ ಶೇಕಡಾ 9, ನೂರಕ್ಕೆ ತಿಂಗಳಿಗೆ ಮುಕ್ಕಾಲು ರೂಪಾಯಿ. ಅತ್ತಿ ಒಪ್ಪಲಿಲ್ಲ. “ಬಂಗಾರ ಒತ್ತಿ ಇಟ್ರ ಮನಿ ಮಾನ ಹ್ವಾದಂಗ, ನಿಮ್ಮ ಮಾವ ಇದ್ದಾಗ ಒಂದ ದಿನಾನೂ ಹೊರಗ ಹೋಗಿಲ್ಲ ಅದು” ಅಂದರು. ಅವರ ಮುಂದೆ ಶೇಕಡಾ ಲೆಕ್ಕ ನಡೆಯುವುದಿಲ್ಲ. “ಅತ್ತೀ, ಎರಡು ವರ್ಷದಾಗ ಸಾವಕಾರಗ ತೊಂಬತ್ಮೂರ ಸಾವಿರ ಕೊಟ್ಟೀವಿ, ಅಂದ್ರ ಎರಡು ತೊಲಿ ಬಂಗಾರ ಅವರ ಮನಿಗೆ ಹೋಗೈತಿ” ಅಂದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಕೀಲಿ ತಂದು ಕೊಟ್ಟರು.

ಬ್ಯಾಂಕಿನವರು ಬಂಗಾರದ ಬೆಲೆಯ ಶೇಕಡಾ 75ರವರೆಗೆ ಕೊಡಬಹುದಿತ್ತು, 1,20,000 ಸಿಕ್ಕಿತು. ಸಾಲ ತೀರಿಸಲು ಸಾಲ ಮಾಡಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಮೂರು ರೂಪಾಯಿಯ ಸಾಲವನ್ನು ಮುಕ್ಕಾಲು ರೂಪಾಯಿಗೆ ಇಳಿಸಿ, ಮೂರು ರೂಪಾಯಿಯ ಬಾಗಿಲನ್ನು ಅದೇ ದಿನ ಮುಚ್ಚಿದರೆ ಅದು ಹೊಸ ಸಾಲವಲ್ಲ. ಆ ರೊಕ್ಕ ನಡುವೆ ಒಂದು ರಾತ್ರಿ ಮನೆಯಲ್ಲಿ ಉಳಿದರೂ ಕೆಟ್ಟಿತು. ನಾವು ಬ್ಯಾಂಕಿನಿಂದ ನೇರ ಸಾವಕಾರರ ಮನೆಗೆ ಹೋದೆವು. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಏನ ಅವಸರ ಇತ್ತವ್ವಾ, ಅಸಲ ಇರಲಿ ಬಿಡ, ಬಡ್ಡಿ ಕೊಟಗೊಂತ ಹೋಗ್ರಿ.”

ನೀವೂ ಹೀಗೆ ಕೈಗಡ ತೀರಿಸುವುದಾದರೆ ಇಬ್ಬರು ತಿಳಿದವರನ್ನು ಕರೆದುಕೊಂಡು ಹೋಗಿ. ಸಾಲ ಕೊಡುವಾಗ ಸಹಿ ಹಾಕಿಸಿಕೊಂಡ ಖಾಲಿ ಬಾಂಡ್, ಖಾಲಿ ಚೆಕ್ ಇದ್ದರೆ ಅಲ್ಲೇ ಕೂತು ವಾಪಸ್ ತೆಗೆದುಕೊಳ್ಳಿ, ಪೂರ್ತಿ ಮುಟ್ಟಿತು ಅಂತ ಬರೆಸಿಕೊಳ್ಳಿ. ನಮ್ಮದು ಎರಡು ಚೆಕ್ ಇದ್ದವು. ಒಂದು ಆಮೇಲೆ ಹುಡುಕಿ ಕೊಡುತ್ತೇನೆ ಅಂದರು. ಅದು ಸಿಗುವವರೆಗೆ ನಾವು ಏಳಲಿಲ್ಲ.

ಬಡ್ಡಿ 3,600 ಇದ್ದದ್ದು 900 ಆಯಿತು. ತಿಂಗಳಿಗೆ 2,700 ಉಳಿಯಿತು ಅಂತ ಖುಷಿಪಟ್ಟೆ. ಉಳಿಯಲಿಲ್ಲ. ಆಗ ಇಬ್ಬರ ಗಳಿಕೆ ಸೇರಿ 24,000, ಅದರಲ್ಲಿ ಕಂತು, ಬಡ್ಡಿ ಅಂತ 16,400 ಹೋಗುತ್ತಿತ್ತು. ಉಳಿದ 7,600ರಲ್ಲಿ ಐದು ಮಂದಿಯ ಸಂಸಾರ ಸಾಗದೆ ಪ್ರತಿ ತಿಂಗಳು ಎರಡು ಮೂರು ಸಾವಿರ ಉದ್ರಿ ಏರುತ್ತಿತ್ತು. 2,700 ಆ ತೂತನ್ನು ಮುಚ್ಚಿತು, ಅಷ್ಟೆ. ಮೊದಲ ವರ್ಷ ಹೊರಗಿನಿಂದ ನೋಡಿದವರಿಗೆ ನಮ್ಮ ಸ್ಥಿತಿ ಏನೂ ಬದಲಾಗಿರಲಿಲ್ಲ. ಹೊಸ ಸಾಲ ನಿಂತಿತ್ತು. ಬಿಟ್ಟುಬಿಡುವ ಮನಸ್ಸಾಗುವುದು ಇಂಥ ಹೊತ್ತಿನಲ್ಲೇ.

ಅಂಗಡಿಯ ಉದ್ರಿ ಪುಸ್ತಕವನ್ನು ವಾಪಸ್ ಕೊಟ್ಟೆವು, ಹಳೆಯದನ್ನು ತಿಂಗಳಿಗೆ 500ರಂತೆ ಇಳಿಸಿದೆವು. ಜೋಳ, ಬೇಳೆ, ಎಣ್ಣೆ ತಿಂಗಳಿಗೊಮ್ಮೆ ರವಿವಾರ ಪೇಟೆಯಿಂದ ರೊಕ್ಕ ಕೊಟ್ಟು ತಂದೆವು. ಹೊರಗಿನ ಚಹಾ ಬಿಡಿ ಅಂತ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಎಂಟು ತಾಸು ಲೇಥ್ ಮುಂದೆ ನಿಂತವನು ಕುಡಿಯುವ ಹತ್ತು ರೂಪಾಯಿ ಚಹಾದಿಂದ ಯಾರ ಮನೆಯೂ ಸಾಲಕ್ಕೆ ಬಿದ್ದಿಲ್ಲ.

2023ರಲ್ಲಿ ಸರ್ಕಾರದ ಯೋಜನೆಗಳು ಬಂದವು, ಅದನ್ನು ಮರೆತರೆ ಸುಳ್ಳಾಗುತ್ತದೆ. ಜೂನಿನಿಂದ ಹೆಂಗಸರಿಗೆ ಬಸ್ ಫ್ರೀ, ಆಮೇಲೆ 200 ಯೂನಿಟ್‌ವರೆಗೆ ಕರೆಂಟ್ ಫ್ರೀ, ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ 2,000. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತಿ, ರೊಕ್ಕ ಅವರ ಖಾತೆಗೆ. ಒಮ್ಮೊಮ್ಮೆ ತಡವಾಗಿ ಎರಡು ತಿಂಗಳದ್ದು ಕೂಡಿ ಬರುತ್ತಿತ್ತು. ಬಂಗಾರದ ಬಡ್ಡಿ 900 ಮಾತ್ರ ಅವರು ಅದರಿಂದಲೇ ಕಟ್ಟಿದರು, ಯಾರ ಕೈಗೂ ಕೊಡದೆ ತಾವೇ ಬಸ್ ಹತ್ತಿ ಹೋಗಿ ರಸೀದಿ ತರುತ್ತಿದ್ದರು.

ಸಂಘದ ಸಾಲ ಬೇಗ ಮುಗಿಸಿದರೆ ದಂಡ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಮನೆಯ ಎಲ್ಲ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅಂತಲೂ ಅದರಲ್ಲೇ ಇದೆ. ನಮಗೆ ಎರಡನೆಯದನ್ನು ಕೊಟ್ಟವರು ಅದನ್ನೆಲ್ಲ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಕಾಡುವಂತಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಹಾಗಂತ ಸಾಲ ಮನ್ನಾ ಆಯಿತು ಅಂತ ಹೇಳಿಕೊಂಡು ಬರುವವರನ್ನು ನಂಬಿ ಕಂತು ನಿಲ್ಲಿಸಬೇಡಿ. ನಿಜವಾದ ಪರೀಕ್ಷೆ ಸಾಲ ಮುಗಿಯುವ ವಾರ ಬರುತ್ತದೆ. “ಅಕ್ಕಾರ, ನಿಮ್ಮ ರೆಕಾರ್ಡ್ ಭಾಳ ಛಲೋ ಐತಿ, ಈ ಸಲ ಎಂಬತ್ತ ಸಾವಿರ ಬರತೈತಿ” ಅಂದ ಸಂಘದ ಕಂತು ವಸೂಲಿಗೆ ಬರುವ ಹುಡುಗ. ಅವತ್ತು ನಮ್ಮ ಮನೆಯಲ್ಲಿ ನಾಲ್ಕು ನೂರು ರೂಪಾಯಿ ಇತ್ತು. ಬೇಡ ಅಂದು ಬಂದು ಒಂದು ತಾಸು ಸುಮ್ಮನೆ ಕೂತೆ.

ಒಂದು ಕಡೆ ಮಾತ್ರ ನಾನು ಲೆಕ್ಕ ಮುರಿದೆ. ನಾದಿನಿಯ 40,000ಕ್ಕೆ ಬಡ್ಡಿ ಇರಲಿಲ್ಲ, ಹಾಳೆಯ ಪ್ರಕಾರ ಅದು ಕೊನೆಗೆ ಹೋಗಬೇಕು. ಆದರೆ ಆಕೆ ಎಮ್ಮೆ ಮಾರಿದ ರೊಕ್ಕ ಅದು, ಗಂಡನ ಮನೆಯಲ್ಲಿ ದಿನಾ ಮಾತು ಕೇಳುತ್ತಿದ್ದಳು. ಎರಡು ವರ್ಷ ಪಂಚಮಿಗೆ ತವರಿಗೆ ಬರಲಿಲ್ಲ, ಹೊಲದ ಕೆಲಸ ಅಂತ ನೆವ ಹೇಳಿದಳು. ತಿಂಗಳಿಗೆ 1,500ರಂತೆ, ದೀಪಾವಳಿ ಬೋನಸ್ ಬಂದಾಗ ಅದನ್ನೂ ಸೇರಿಸಿ ಆಕೆಯದನ್ನು ತೀರಿಸಿದೆವು. 2024ರ ಪಂಚಮಿಗೆ ಬಂದಳು, ಉಂಡಿ ಕಟ್ಟಿಕೊಂಡು ಹೋದಳು. ಬಡ್ಡಿ ಇಲ್ಲದ ಸಾಲ ಅಂತ ಇರುವುದಿಲ್ಲ, ಅದನ್ನು ಬೇರೆ ಯಾರೋ ಕಟ್ಟುತ್ತಿರುತ್ತಾರೆ.

ಉಳಿದದ್ದು ಸಲೀಸು. ಸಂಘದ ಒಂದು ಸಾಲ, ಬೈಕು, ಸಂಘದ ಇನ್ನೊಂದು, ಹೀಗೆ ಒಂದೊಂದೇ ಮುಗಿದಂತೆ ಅವುಗಳ ಕಂತನ್ನು ಮನೆಖರ್ಚಿಗೆ ಬಿಡದೆ ಸೊಸೈಟಿಗೆ ತಿರುಗಿಸಿದೆವು. ತಿಂಗಳಿಗೆ 3,500 ಕಟ್ಟಿದರೆ ಐದು ವರ್ಷ ಹಿಡಿಯುತ್ತಿದ್ದ ಸಾಲ 2025ರ ಯುಗಾದಿಗೆ ಮುಗಿಯಿತು. ಬೇಬಾಕಿ ಪತ್ರ ಕೇಳಿ ತೆಗೆದುಕೊಳ್ಳಿ. ಬೈಕಾದರೆ ಫಾರ್ಮ್ 35 ತೆಗೆದುಕೊಂಡು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಫೈನಾನ್ಸ್ ಹೆಸರು ತೆಗೆಸಿ.

ಕೊನೆಗೆ ಬಂಗಾರ. ಅಷ್ಟರಲ್ಲಿ ಹತ್ತು ಗ್ರಾಂ ದರ ಲಕ್ಷ ದಾಟಿತ್ತು. ಇದೇ ಬಂಗಾರಕ್ಕೆ ಈಗ ಎರಡು ಪಟ್ಟಿಗಿಂತ ಹೆಚ್ಚು ಸಾಲ ಸಿಗುತ್ತದೆ, ಬೇಕೇ ಅಂತ ಬ್ಯಾಂಕಿನಲ್ಲೇ ಕೇಳಿದರು. ನಮ್ಮ ಮನೆಯವರು ನನ್ನ ಮುಖ ನೋಡಿದರು, ಮಾಳಿಗೆ ಸೋರುತ್ತಿತ್ತು. ಅತ್ತಿ “ಸಾಮಾನ ತರ್ರಿ” ಅಂದರು. ಮನೆಗೆ ಬಂದು ಬೋರಮಾಳದ ಗುಂಡುಗಳನ್ನು ಒಂದೊಂದೇ ಎಣಿಸಿದರು, ಬ್ಯಾಂಕಿನ ಮೇಲೆ ಕೊನೆಯವರೆಗೂ ಅವರಿಗೆ ನಂಬಿಕೆ ಬರಲಿಲ್ಲ. ಮಾಳಿಗೆ ಇನ್ನೂ ಸೋರುತ್ತದೆ. ಮಳೆಗಾಲದೊಳಗೆ ಮಾಡಿಸಬೇಕು ಅಂತ ಪೋಸ್ಟ್ ಆಫೀಸಿನ ಆರ್‌ಡಿಗೆ ಕಟ್ಟುತ್ತಿದ್ದೇವೆ.

ನಿಮಗೆ ಹೇಳುವುದಾದರೆ, ಮೊದಲು ಹೆಂಡತಿಗೆ ಉಳಿದ ಅರ್ಧವನ್ನೂ ಹೇಳಿ. ಆಕೆಯ ಹತ್ತಿರವೂ ಒಂದು ಸಾಲ ಇರಬಹುದು, ಗಾಬರಿಯಾಗಬೇಡಿ. ಆಮೇಲೆ ಇಲ್ಲಿ ಮೊತ್ತದ ಜೊತೆ ಒಂದೊಂದಕ್ಕೂ ನೂರಕ್ಕೆ ತಿಂಗಳಿಗೆ ಎಷ್ಟು ಬೀಳುತ್ತದೆ ಅಂತ ಬರೆಯಿರಿ, ಸೊಸೈಟಿಗೆ ಜಾಮೀನು ಯಾರು ಅನ್ನುವುದನ್ನೂ. ಸದ್ಯ ಮದುವೆ ಸೀಸನ್, ಹೊಲಿಗೆ ಜಾಸ್ತಿ. ರಾತ್ರಿ ಹತ್ತರ ಮೇಲೆ ನೋಡುತ್ತೇನೆ.