ಒಡವೆ ಗ್ರಾಹಕರ ಕೈಗೂ ಸಿಗಬೇಕು, ಕಳುವೂ ಆಗಬಾರದು: ಆಭರಣದಂಗಡಿಯ ಡಿಸ್‌ಪ್ಲೇ ಹೇಗಿರಬೇಕು?

ಎಲ್ಲವನ್ನೂ ಗಾಜಿನೊಳಗೆ ಬೀಗ ಹಾಕಿಟ್ಟರೆ ವ್ಯಾಪಾರ ಕುಗ್ಗುತ್ತದೆ. ಬೆಲೆ ನೋಡಿ ವಿಂಗಡಿಸಿ: ಅಗ್ಗದ ಫ್ಯಾಷನ್ ಒಡವೆಗಳು ತೆರೆದ ಸ್ಟ್ಯಾಂಡಿನಲ್ಲಿರಲಿ, ಚಿನ್ನ ಮತ್ತು ವಜ್ರ ಸಿಬ್ಬಂದಿಯ ಕಡೆಯಿಂದಷ್ಟೇ ತೆರೆಯುವ ಶೋಕೇಸಿನಲ್ಲಿ, ಬಾಗಿಲಿನಿಂದ ದೂರ.

ಹೆಚ್ಚಿನ ಕಳವು ನಡೆಯುವುದು ಗಾಜು ಒಡೆದಲ್ಲ, ಕೌಂಟರ್ ಮೇಲೆ ಟ್ರೇ ಹರಡಿದಾಗ. ಮೂರ್ನಾಲ್ಕು ಉಂಗುರ ಒಟ್ಟಿಗೆ ಹೊರಗಿದ್ದರೆ ಒಂದು ಮಾಯವಾದದ್ದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಒಮ್ಮೆಗೆ ಒಂದೇ, ಹೋಲಿಸಿ ನೋಡಬೇಕೆಂದರೆ ಎರಡು. ಟ್ರೇಯಲ್ಲಿ ಯಾವ ಗುಳಿಯೂ ಖಾಲಿ ಇರಬಾರದು. ಮಾರಾಟವಾದ ಜಾಗದಲ್ಲಿ ಬಣ್ಣದ ಬಿಲ್ಲೆ ಇಡಿ. ಆಗ ನಿಜವಾದ ಖಾಲಿ ಜಾಗ ತಟ್ಟನೆ ಕಾಣುತ್ತದೆ. ನಕಲಿ ಇಟ್ಟು ಅಸಲಿ ಒಯ್ಯುವವರೂ ಇದ್ದಾರೆ, ಆದ್ದರಿಂದ ಒಳಗಿಡುವ ಮುನ್ನ ಟ್ಯಾಗ್ ನೋಡಿ, ಅನುಮಾನವಿದ್ದರೆ ತೂಗಿ. ಕನ್ನಡಿ ಕೌಂಟರ್ ಮೇಲೆಯೇ ಇರಲಿ, ಸರ ಹಾಕಿಕೊಂಡವರು ಬಾಗಿಲ ಕಡೆ ನಡೆಯುವ ಪ್ರಮೇಯವೇ ಬರುವುದಿಲ್ಲ.

ಗಾಜು ಲ್ಯಾಮಿನೇಟೆಡ್ ಆಗಿರಲಿ, ಅಂದರೆ ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಬಲವಾದ ಪೆಟ್ಟು ಬಿದ್ದರೆ ಪೂರ್ತಿ ಪುಡಿಯಾಗಿ ಉದುರುತ್ತದೆ. ಲ್ಯಾಮಿನೇಟೆಡ್ ಬಿರುಕು ಬಿಟ್ಟರೂ ನಡುವಿನ ಪದರ ಹಿಡಿದುಕೊಳ್ಳುತ್ತದೆ. ಫ್ರೇಮ್ ಸಡಿಲವಿದ್ದರೆ ಮಾತ್ರ ಇದೆಲ್ಲ ವ್ಯರ್ಥ, ಗಾಜನ್ನೇ ಮೀಟಿ ತೆಗೆಯುತ್ತಾರೆ. ಮುಚ್ಚಿದೊಡನೆ ತಾನೇ ಬೀಳುವ ಬೀಗ ಒಳ್ಳೆಯದು; ಗಿರಾಕಿಗಳ ಗಡಿಬಿಡಿಯಲ್ಲಿ ಕೀಲಿ ತಿರುಗಿಸುವುದನ್ನು ಮರೆಯುವುದೇ ಹೆಚ್ಚು.