ಭೂತಾನ್‌ಗೆ ಎಷ್ಟು ದುಡ್ಡು ಬೇಕು ಅಂತ ಕೇಳಿದ ಅಣ್ಣನಿಗೆ

ಅಣ್ಣ, ಈ ಸಲದ ಮೆಣಸಿನ ದುಡ್ಡಲ್ಲಿ ಅತ್ತಿಗೆ ಜೊತೆ ಏಳು ರಾತ್ರಿ ಭೂತಾನ್, ಅದೂ ದೊಡ್ಡ ಹೋಟೆಲಲ್ಲೇ, ಎಷ್ಟಾಗುತ್ತೆ ಅಂತ ಕೇಳಿದ್ದೀರಿ. ಅಮೆರಿಕದಿಂದ ಮಗನೂ ಬರಬಹುದು ಅಂದಿರಿ. ನಾವು ಗಂಡ ಹೆಂಡತಿ ಹೋಗಿ ಬಂದಿದ್ದೇವೆ, ಗೊತ್ತಿದ್ದಷ್ಟು ಹೇಳ್ತೀನಿ.

ಅಕ್ಟೋಬರಿಗೇ ಹೋಗಿ. ಅಲ್ಲಿ ಮಳೆ ಕಳೆದು ಬೆಟ್ಟ ಕಾಣುತ್ತದೆ, ಇಲ್ಲಿ ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಏಪ್ರಿಲ್ ಕೂಡ ಅಲ್ಲಿ ಚೆಂದವೇ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಇಲ್ವಾ ಅಂತ ಭೂತಾನಿನ ಪಾರೋ ಊರಲ್ಲಿ ಕೂತು ತೋಟದ ರೈಟರ್‌ಗೆ ಫೋನ್ ಮಾಡುವ ಸುಖ ಬೇಡ.

ಭೂತಾನಿನಲ್ಲಿ ಪ್ರತಿ ರಾತ್ರಿಗೆ ಸರ್ಕಾರಕ್ಕೆ ಎಸ್‌ಡಿಎಫ್ ಅಂತ ಪ್ರವಾಸಿ ಶುಲ್ಕ ಕಟ್ಟಬೇಕು. ನಮ್ಮ ಭಾರತೀಯರಿಗೆ ತಲೆಗೆ 1,200 ರೂಪಾಯಿ. ಇಬ್ಬರಿಗೆ ಏಳು ರಾತ್ರಿಗೆ 16,800. ಮಗನ ವಿಷಯ ಬೇರೆ. ಅವನ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ರಾತ್ರಿಗೆ 100 ಡಾಲರ್, ಮೇಲೆ ವೀಸಾ ಖರ್ಚು. ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ತೋರಿಸಿದರೆ ಏನೂ ಕಡಿಮೆಯಾಗುವುದಿಲ್ಲ. ನಿಮಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಆಧಾರ್ ನಡೆಯುವುದಿಲ್ಲ.

ಹೋಟೆಲೇ ದೊಡ್ಡ ಖರ್ಚು. ಅಮನ್‌ಕೋರಾ ತರದ ಲಾಡ್ಜುಗಳಲ್ಲಿ ಒಂದು ರೂಮಿಗೆ ರಾತ್ರಿಗೆ ಲಕ್ಷ ದಾಟುತ್ತದೆ, ರೇಟ್ ಹೇಳುವುದೂ ಡಾಲರಿನಲ್ಲೇ. ಏಳು ರಾತ್ರಿಯೂ ಅಲ್ಲೇ ಅಂದರೆ ಹತ್ತು ಲಕ್ಷಕ್ಕೂ ಮೇಲೆ. ಸುಮ್ನೆ ಯಾಕೆ? ಹಗಲೆಲ್ಲಾ ರಸ್ತೆ ಮೇಲೇ ಇರ್ತೀರಲ್ವಾ. ಕೊನೆಯ ಎರಡು ರಾತ್ರಿ ಪಾರೋದಲ್ಲಿ ಅಂಥದ್ದು ಹಿಡಿಯಿರಿ, ಉಳಿದ ಐದು ರಾತ್ರಿ ಥಿಂಪು, ಪುನಾಖಾದಲ್ಲಿ ಹತ್ತು ಹದಿನೈದು ಸಾವಿರದ ರೂಮು ಧಾರಾಳ ಸಾಕು. ಟ್ಯಾಕ್ಸು, ಸರ್ವಿಸ್ ಚಾರ್ಜು, ಊಟ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಪಾರೋದ ಬಂಡೆ ಮೇಲಿರುವ ಟಕ್ಸಾಂಗ್ ಮಠ ಹತ್ತಿ ಇಳಿದ ಸಂಜೆ ಬಿಸಿಕಲ್ಲಿನ ಸ್ನಾನ ಮಾಡಿ. ಮರದ ತೊಟ್ಟಿ ಪಕ್ಕದಲ್ಲೇ ಬೆಂಕಿ. ಕೆಂಪಗೆ ಕಾದ ಕಲ್ಲನ್ನು ಇಕ್ಕಳದಲ್ಲಿ ಹಿಡಿದು ನೀರಿಗೆ ಬಿಟ್ಟಾಗ ಚುಂಯ್ ಅಂತ ಸದ್ದು, ಮಾಚಿಪತ್ರೆಯಂಥ ಸೊಪ್ಪಿನ ಘಾಟು. ಮಂಡಿನೋವಿನ ನನ್ನ ಹೆಂಡತಿ ಒಂದು ಗಂಟೆ ಎದ್ದು ಬರಲಿಲ್ಲ. ಊಟಕ್ಕೆ ಫಕ್ಷಾ ಪಾ ಕೇಳಿ, ಒಣಮೆಣಸು ಹಾಕಿದ ಹಂದಿ. ನಮ್ಮ ಕೊಡಗಿನ ಹುಳಿ ಕಾಚಂಪುಳಿ ಇಲ್ಲ ಅನ್ನೋದೊಂದೇ ಕೊರತೆ.

ವಿಮಾನದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಪಾರೋ ಕಣಿವೆಯಲ್ಲಿ ಪೈಲಟ್ ಕಣ್ಣಿಂದ ನೋಡಿಯೇ ಇಳಿಸಬೇಕು, ಮೋಡ ಕವಿದರೆ ವಿಮಾನ ನಿಂತಿತು. ವಾಪಸ್ ಬರುವ ದಿನ ನಮ್ಮದು ತಡವಾಯಿತು. ಕೋಲ್ಕತ್ತಾ–ಬೆಂಗಳೂರು ಟಿಕೆಟ್ ಬೇರೆ ಬುಕ್ ಮಾಡಿದ್ದರಿಂದ ಆ ದುಡ್ಡು ಹೋಯಿತು, ಹೊಸ ಟಿಕೆಟಿಗೆ ಎರಡರಷ್ಟು ಕೊಟ್ಟೆವು. ನೀವು ಕೋಲ್ಕತ್ತಾದಲ್ಲಿ ಒಂದು ರಾತ್ರಿ ಉಳಿಯುವ ಹಾಗೆ ಇಟ್ಟುಕೊಳ್ಳಿ.

ನಗದಿನ ಚಿಂತೆ ಬೇಡ. ಅಲ್ಲಿನ ನಾಣ್ಯ ನುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ನಮ್ಮ ರೂಪಾಯಿಯೂ ಅಲ್ಲಿ ನಡೆಯುತ್ತದೆ, ನೂರರ ನೋಟು ಜಾಸ್ತಿ ಇರಲಿ.

ಬೆಂಗಳೂರಿನಿಂದ ಇಬ್ಬರ ವಿಮಾನ, ಡ್ರೈವರ್ ಸಮೇತ ಕಾರು, ಗೈಡು, ಎಲ್ಲ ಸೇರಿಸಿ ನನ್ನ ಅಂದಾಜು ಐದೂವರೆ ಲಕ್ಷ. ಆರು ಇಟ್ಟುಕೊಳ್ಳಿ. ಮಗ ಬಂದರೆ ಅವನದ್ದು ಬೇರೆಯೇ ಲೆಕ್ಕ. ಅವನ ಪಾಸ್‌ಪೋರ್ಟ್ ಯಾವುದು ಅಂತ ತಿಳಿಸಿ, ಏಜೆಂಟಿನ ಕೊಟೇಶನ್ ಬಂದಾಗ ಇಲ್ಲೇ ಹಾಕಿ. ಅಡ್ವಾನ್ಸ್ ಕೊಡುವ ಮುಂಚೆ ಹಾಕಿ ಮತ್ತೆ.